ಸುಳ್ಳು ಭಾರದ ಡಬ್ಬಿ

ಗಂಡಸು ಡಬ್ಬಿ ಹಿಡಿದು ಬಸ್ಸಿಳಿದರೆ ಮೆಕ್ಯಾನಿಕ್ಕು, ನಾನು ಇಳಿದರೆ ಊಟದ ಕ್ಯಾರಿಯರ್ ತಂದವಳು. ಅನ್ನೂರಿನ ಹತ್ತಿ ಮಿಲ್ಲಿನ ಗೇಟಿನಲ್ಲಿ ಕಾವಲುಗಾರ ನನ್ನ ಕೈಯನ್ನು ನೋಡಿ, "ಯಾರಿಗೆ ಸಾಪಾಡು?" ಎಂದ.

"ನಿಮ್ಮ ತಕ್ಕಡಿಗೆ," ಎಂದೆ.

1987ನೇ ಇಸವಿ. ಎಲೆಕ್ಟ್ರಾನಿಕ್ ತಕ್ಕಡಿ ಆಗಷ್ಟೇ ಕೊಯಮತ್ತೂರಿನ ಸುತ್ತಮುತ್ತಲಿನ ಮಿಲ್ಲುಗಳಿಗೆ ಕಾಲಿಡುತ್ತಿತ್ತು. ನಾನು ಚಂದ್ರಾ, ನೇಕಾರರ ಮನೆಯವಳು. ಪಾಲಿಟೆಕ್ನಿಕ್ ಮುಗಿಸಿ, ಈ ತಕ್ಕಡಿ ಮಾಡುವ ವರ್ಕ್‌ಶಾಪಿನಲ್ಲಿ ಬೆಸುಗೆ ಹಾಕುತ್ತಾ ಕೂತಿದ್ದೆ. ಹೊರಗೆ ಹೋಗಿ ರಿಪೇರಿ ಮಾಡುವ ಕೆಲಸ ಕೊಡಿ ಎಂದು ಯಜಮಾನ ಸೋಮಸುಂದರಂ ಅವರ ತಲೆ ತಿಂದಿದ್ದೆ. ಮೆಕ್ಯಾನಿಕ್ ದಂಡಪಾಣಿಗೆ ಜ್ವರ ಬಂದದ್ದರಿಂದ ಕಡೆಗೂ ನನ್ನನ್ನು ಕಳಿಸಿದರು. ತಕ್ಕಡಿ ಸರಿಹೋಗದೆ ವರ್ಕ್‌ಶಾಪಿಗೆ ವಾಪಸ್ ಬಂದರೆ ನಾನೂ ಬೆಸುಗೆಯ ಮೇಜಿಗೆ ವಾಪಸ್, ಮತ್ತೆ ಹೊರಗಿನ ಮಾತೆತ್ತಬಾರದು ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ಮಿಲ್ಲಿನ ಮಾಲೀಕ ಬೆಳ್ಳಿಯಪ್ಪ ನನ್ನನ್ನು ಕಂಡು ತಮಿಳಿನಲ್ಲಿ ಸಿಡುಕಿದರು. ಹತ್ತಿ ತರುವ ರೈತರು ತೂಕ ಕಡಿಮೆ ಬರುತ್ತಿದೆ ಎಂದು ಗಲಾಟೆ ಮಾಡುತ್ತಿದ್ದರಂತೆ, ಕೆಲವರು ಬೇರೆ ಮಿಲ್ಲಿಗೂ ಹೋಗಿಬಿಟ್ಟಿದ್ದರಂತೆ. ಅಲ್ಲೇ ಹತ್ತಿ ಆರಿಸುತ್ತಿದ್ದ ಅವರ ತಾಯಿ ಸಾಮಿಯಾತಾಳ್ ಮಗನಿಗೆ ಕನ್ನಡದಲ್ಲಿ, "ಈ ಕೂಸಾ ಮಿಷಿನ್ ಸರಿ ಮಾಡೋದು? ಒಂದು ಲೋಟ ಮಜ್ಜಿಗೆ ಕೊಟ್ಟು ಬಸ್ ಹತ್ಸು," ಎಂದರು.

ನನಗೆ ಮೈಯೆಲ್ಲ ಉರಿಯಿತು. "ಮಜ್ಜಿಗೆ ಆಮೇಲೆ ಕುಡೀತೀನಿ ಅವ್ವಾ, ಮೊದಲು ಮಿಷಿನ್ ನೋಡ್ತೀನಿ," ಎಂದೆ, ನಮ್ಮ ನೇಕಾರರ ಮನೆಮಾತಾದ ಕನ್ನಡದಲ್ಲೇ.

ಮುದುಕಿ ಕಣ್ಣರಳಿಸಿದರು. "ಅಯ್ಯೋ, ನಮ್ಮ ಮಾತು ಬತ್ತದಾ ನಿಂಗೆ!"

ಮಿಲ್ಲಿನ ಹಳೆಯ ಕಬ್ಬಿಣದ ತೂಕದ ಕಲ್ಲುಗಳನ್ನು ತರಿಸಿದೆ. ಒಂದು ಕಲ್ಲಿಟ್ಟರೆ ಸರಿಯಾಗಿ ತೋರಿಸಿತು. ಇರುವ ಕಲ್ಲುಗಳನ್ನೆಲ್ಲ ಪೇರಿಸಿದರೆ ಕಡಿಮೆ. ತಪ್ಪಿರುವುದು ಅಂಕಿ ತೋರಿಸುವ ಪೆಟ್ಟಿಗೆಯಲ್ಲೋ, ಭಾರ ಹೊರುವ ತಟ್ಟೆಯ ಕಡೆಯೋ ತಿಳಿಯಬೇಕಿತ್ತು. ಅದಕ್ಕೇ ನನ್ನ ಡಬ್ಬಿ ಇದ್ದದ್ದು. ತಟ್ಟೆಯ ಅಡಿಯಲ್ಲಿರುವ ಲೋಡ್ ಸೆಲ್ ಭಾರ ಬಿದ್ದಾಗ ಒಂದು ಚೂರು ಕರೆಂಟಿನ ಸುದ್ದಿಯನ್ನು ಪೆಟ್ಟಿಗೆಗೆ ಕಳಿಸುತ್ತದೆ. ನನ್ನ ಡಬ್ಬಿ ಭಾರವೇ ಇಲ್ಲದೆ ಅದೇ ಸುದ್ದಿ ಕಳಿಸುತ್ತದೆ. ತಟ್ಟೆಯ ವೈರು ಕಿತ್ತು ಡಬ್ಬಿಯ ವೈರು ಸಿಕ್ಕಿಸಿ, ಗುಂಡಿ ತಿರುಗಿಸಿದೆ. ಪೆಟ್ಟಿಗೆಯಲ್ಲಿ ಕೆಂಪಗೆ 100 ಎಂದು ಬಂತು.

ಹತ್ತಿ ಮೂಟೆಗಳ ಹತ್ತಿರ ನಿಂತಿದ್ದ ರೈತರು ಖಾಲಿ ತಟ್ಟೆಯನ್ನೂ ಆ ಅಂಕಿಯನ್ನೂ ನೋಡಿದರು. ಸೆಲ್ಲಪ್ಪನ್ ಎಂಬ ರೈತ ಕೂಗಿಯೇಬಿಟ್ಟ.

"ನೋಡ್ರಪ್ಪಾ! ಮೇಲೆ ಒಂದೆಳೆ ಹತ್ತಿ ಇಲ್ಲ, ನೂರು ಕಿಲೋ ಅಂತೈತೆ! ಇಷ್ಟು ದಿನ ಹಿಂಗೇ ಬೇಕಾದ ಅಂಕಿ ತೋರ್ಸಿ ಮೋಸ ಮಾಡಿದ್ದು!"

ಎಲ್ಲರೂ ನನ್ನ ಮೇಲೆ ಮುಗಿಬಿದ್ದರು. ಬೆಳ್ಳಿಯಪ್ಪ ತಲೆಯ ಮೇಲೆ ಕೈಹೊತ್ತು, "ಸಾಕಮ್ಮಾ, ಎತ್ಕೊಂಡು ಹೋಗ್ಬಿಡು ಇದನ್ನ," ಎಂದರು. ಅಷ್ಟರಲ್ಲೇ ಬೆಸುಗೆಯ ಹೊಗೆ ನನ್ನ ಮೂಗಿಗೆ ಬಂದ ಹಾಗಾಯಿತು. ಹೆದರಿಕೆಯಾಯಿತು. ಹೆದರಿದಾಗ ನನ್ನ ಬಾಯಿ ಇನ್ನೂ ಜೋರು.

"ಸುಳ್ಳು ಹೇಳ್ತಿರೋದು ನನ್ನ ಡಬ್ಬಿ, ನಿಮ್ಮ ಮಿಷಿನ್ ಅಲ್ಲ! ಬನ್ನಿ ಅಣ್ಣಾ, ನೀವೇ ತಿರುಗ್ಸಿ. ನೀವು ತಿರುಗ್ಸಿದ್ದಕ್ಕಿಂತ ಒಂದು ಕಿಲೋ ಆಚೀಚೆ ತೋರಿಸಿದ್ರೆ ಈ ಮಿಷಿನ್ನ ನಾನೇ ಹೊತ್ಕೊಂಡು ಹೋಗ್ತೀನಿ."

ಸೆಲ್ಲಪ್ಪನ್ ಅನುಮಾನದಿಂದಲೇ ಗುಂಡಿ ಹಿಡಿದ. ಐವತ್ತಕ್ಕೆ ತಿರುಗಿಸಿದರೆ ಐವತ್ತು, ಇನ್ನೂರಕ್ಕೆ ಇನ್ನೂರು. ಮೇಲೆ ಕೆಳಗೆ ತಿರುಗಿಸಿ ತಿರುಗಿಸಿ ಅವನಿಗೇ ಖುಷಿಯಾಗಿ, ಪಕ್ಕದವನಿಗೂ ಬಿಟ್ಟುಕೊಡಲಿಲ್ಲ.

"ಮಿಷಿನ್ ತಲೆ ಸರಿಯಾಗೈತೆ. ಕಾಲಲ್ಲೇ ಏನೋ ಸಿಕ್ಕೊಂಡಿದೆ. ತಟ್ಟೆ ಎತ್ತಿ," ಎಂದೆ.

ಇಷ್ಟು ಹೊತ್ತು ಬೈಯುತ್ತಿದ್ದವರೇ ಕೈಹಾಕಿ ಎತ್ತಿದರು. ತಟ್ಟೆ ವಿಪರೀತ ಕುಸಿಯದಂತೆ ತಡೆಯಲು ಮೂಲೆಗೊಂದು ಬೋಲ್ಟ್ ಇರುತ್ತದೆ. ಅದಕ್ಕೂ ತಟ್ಟೆಗೂ ನಡುವೆ ಒಂದು ಕಾಸು ನುಸುಳುವಷ್ಟು ಸಂದು. ಆ ಸಂದಿನಲ್ಲಿ ನಿಜವಾಗಿಯೂ ಒಂದು ಕಾಸಿತ್ತು, ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಮುಡಿಪು. ಕಡಿಮೆ ಭಾರಕ್ಕೆ ತಟ್ಟೆ ಅದನ್ನು ಮುಟ್ಟುತ್ತಿರಲಿಲ್ಲ. ಮೂಟೆಗಳನ್ನು ಇಟ್ಟಾಗ ಕೊಂಚ ಕೆಳಗಿಳಿದು ಅದರ ಮೇಲೆ ಕೂರುತ್ತಿತ್ತು, ಭಾರದ ಒಂದು ಪಾಲನ್ನು ಆ ಕಾಸು ಹೊರುತ್ತಿತ್ತು.

ಸಾಮಿಯಾತಾಳ್ ಮುಖ ಸಪ್ಪಗಾಯಿತು.

"ನಾನೇ ಇಟ್ಟೆ," ಎಂದರು. "ಹೊಸ ಮಿಷಿನ್ ಬಂದ ದಿನ, ಆನೈಮಲೈ ಮಾಸಾಣಿಯಮ್ಮನಿಗೆ ಹರಕೆ ಕಟ್ದೆ. ಯಾವ ರೈತನಿಗೂ ತೂಕದಾಗೆ ಮೋಸ ಆಗ್ಬಾರ್ದು ಅಂತ."

ಬೆಳ್ಳಿಯಪ್ಪ, "ಅವ್ವಾ!" ಎಂದು ಹಲ್ಲು ಕಚ್ಚಿದರು. ಮುದುಕಿಯ ಕಣ್ಣು ತುಂಬಿತ್ತು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ನಮ್ಮಮ್ಮನೂ ಹೊಸ ಮಗ್ಗಕ್ಕೆ ಹೀಗೇ ಕಟ್ಟಿದ್ದಳು. ಮಗ್ಗದಲ್ಲಿ ಇಂಥ ಸಂದು ಇರಲಿಲ್ಲ, ಅಷ್ಟೇ.

ತಟ್ಟೆ ಕೂರಿಸಿ ವೈರು ಸಿಕ್ಕಿಸಿ ಕಲ್ಲುಗಳನ್ನು ಪೇರಿಸಿದೆವು. ತೂಕ ಕೂದಲೆಳೆಯಷ್ಟೂ ತಪ್ಪಲಿಲ್ಲ. ಸೆಲ್ಲಪ್ಪನ್ ತನ್ನ ಮೂಟೆಗಳನ್ನು ತಾನೇ ಎತ್ತಿಟ್ಟು ಅಂಕಿ ಓದಿದ. "ಮನೇಲಿ ತೂಗಿದಷ್ಟೇ ಐತೆ," ಎಂದ. ಬೆಳ್ಳಿಯಪ್ಪ, ಇಲ್ಲಿವರೆಗೆ ಕಡಿಮೆ ಬಿದ್ದದ್ದನ್ನೆಲ್ಲ ಸರಿಮಾಡಿ ಕೊಡುತ್ತೇನೆ ಎಂದು ಎಲ್ಲರ ಎದುರೇ ಹೇಳಿದರು.

"ಈಗ ಇದನ್ನೆಲ್ಲಿ ಇಡೋದು ಕೂಸೇ? ಹರಕೆ ತೀರೋ ತನಕ ಬಿಚ್ಚೋ ಹಂಗಿಲ್ಲ," ಎಂದು ಸಾಮಿಯಾತಾಳ್ ಮುಡಿಪನ್ನು ನನ್ನ ಮುಂದೆ ಹಿಡಿದರು.

ಅಂಕಿಯ ಪೆಟ್ಟಿಗೆ ನಿಂತಿದ್ದ ಕಂಬಕ್ಕೆ ಕಟ್ಟಿದೆ. "ಇಲ್ಲಿದ್ರೆ ಮಾಸಾಣಿಯಮ್ಮನಿಗೂ ಅಂಕಿ ಕಾಣ್ತದೆ," ಎಂದೆ. ಮುದುಕಿ ಕಣ್ಣೊರೆಸಿಕೊಂಡು ನಕ್ಕರು. ಮಜ್ಜಿಗೆ ತಂದುಕೊಟ್ಟು, ನಾನು ಕುಡಿಯುವಷ್ಟರಲ್ಲಿ ನನ್ನ ಡಬ್ಬಿಯ ಹಿಡಿಗೂ ಒಂದು ಹಳದಿ ದಾರ ಸುತ್ತಿಬಿಟ್ಟಿದ್ದರು.

ಮರುದಿನ ಸೋಮಸುಂದರಂ ನನ್ನ ಮೇಜಿನ ಹತ್ತಿರ ಬಂದರು. ಬೆಳ್ಳಿಯಪ್ಪ ಫೋನ್ ಮಾಡಿದ್ದರಂತೆ. ವೆಳ್ಳಕೋಯಿಲ್‌ನಲ್ಲಿ ತಮ್ಮ ಪರಿಚಯದವರ ಎಣ್ಣೆ ಮಿಲ್ಲಿನ ತಕ್ಕಡಿಗೂ ಏನೋ ಆಗಿದೆ, ಆ ಹುಡುಗಿಯನ್ನೇ ಕಳಿಸಬೇಕು ಎಂದರಂತೆ. ದಂಡಪಾಣಿಯ ಜ್ವರ ಬಿಟ್ಟಿತ್ತು. ಆದರೂ ಯಜಮಾನರು ಬಸ್ ಚಾರ್ಜನ್ನು ನನ್ನ ಕೈಗೇ ಇಟ್ಟರು.

ವೆಳ್ಳಕೋಯಿಲ್ ಮಿಲ್ಲಿನವರು ನನ್ನನ್ನು ನೇರ ತಕ್ಕಡಿಯ ಹತ್ತಿರ ಕರೆದೊಯ್ದರು. ನಾನು ಡಬ್ಬಿ ಕೆಳಗಿಟ್ಟೆ, ಆದರೆ ಬಿಚ್ಚಲಿಲ್ಲ.

"ಮೊದಲು ಹೇಳಿ," ಎಂದೆ, "ಈ ಮಿಲ್ಲಿನಲ್ಲೂ ಅವ್ವ ಇದ್ದಾರಾ?"