ಸೊನ್ನೆಯಲ್ಲಿ ನಿಂತ ಮುಳ್ಳು

ತೀರಿಕೊಂಡ ಗಂಡನ ಉಗುರಿನ ಸಂದಿಯ ಮಸಿಯನ್ನು ಅವಳು ಒದ್ದೆ ಬಟ್ಟೆಯಿಂದ ಉಜ್ಜುತ್ತಿದ್ದಳು. ಗಾಡಿಗಳ ವೈರಿಂಗ್ ಮಾಡುತ್ತಲೇ ನಲವತ್ತು ವರ್ಷ ಕಳೆದ ಕೈ. ಮಸಿ ಅಷ್ಟು ಸುಲಭಕ್ಕೆ ಬಿಟ್ಟೀತೆ? ಆಗ ಕಿಟಕಿಯಾಚೆ ಲಾರಿ ಡ್ರೈವರನ ದನಿ ಕೇಳಿಸಿತು.

"ಅಣ್ಣನ್ನ ಸ್ಮಶಾನಕ್ಕೆ ನನ್ನ ಲಾರೀಲೇ ಕಳಿಸಿಕೊಡೋಣ ಅಂತ ಬಂದೆ. ಆದ್ರೆ ಬ್ಯಾಟರಿ ಚಾರ್ಜ್ ಆಗೋದು ತೋರಿಸೋ ಮುಳ್ಳು ಸೊನ್ನೆ ಬಿಟ್ಟು ಅಲ್ಲಾಡ್ತಾನೇ ಇಲ್ಲ. ದಾರೀಲಿ ನಿಂತುಬಿಟ್ರೆ?"

"ಕೊನೆಕೊನೆಗೆ ಅಣ್ಣನ ಕೈ ನಡುಗ್ತಿತ್ತಲ್ಲ," ಎಂದ ಮೈದುನ. "ಎಲ್ಲೋ ಎಡವಟ್ಟಾಗಿದೆ. ಬೇರೆ ಗಾಡಿ ಹೇಳೋಣ."

ಅವಳು ಬಟ್ಟೆ ಕೆಳಗಿಟ್ಟಳು. ಆ ಲಾರಿಗೆ ವೈರು ಎಳೆದದ್ದು ಗಂಡನ ಕೈಯಲ್ಲ, ಅವಳದು. ಅವನ ಹೆಸರಿನ ಕಡೆಯ ಕೆಲಸ ತನ್ನಿಂದಲೇ ಕೆಟ್ಟಿತೆ?

*

ಐದು ದಿನದ ಹಿಂದೆ ಅವನು ಸ್ಟೂಲಿನ ಮೇಲೆ ಕೂತಿದ್ದ, ಅವಳು ಬಾನೆಟ್ಟಿನೊಳಗೆ ತಲೆ ಹಾಕಿದ್ದಳು. ಮುದಿ ಲಾರಿಗೆ ಡ್ರೈವರ ದುಪ್ಪಟ್ಟು ಕರೆಂಟ್ ಹುಟ್ಟಿಸುವ ಹೊಸ ಆಲ್ಟರ್ನೇಟರ್ ತಂದಿದ್ದ.

"ಹಳೇ ವೈರು ಹಾಗೇ ಬಿಟ್ರೆ ಏನಾಗುತ್ತೆ, ಹೇಳು?"

"ಸುಟ್ಟು ಕರಕಲಾಗುತ್ತೆ. ಇಷ್ಟು ವರ್ಷ ಟಾರ್ಚ್ ಹಿಡಿದಿದ್ದು ಸುಮ್ನೇನಾ?"

ಅವನು ನಕ್ಕ. "ಹಾಗಾದ್ರೆ ದಪ್ಪ ವೈರು ಎಳಿ. ಆಲ್ಟರ್ನೇಟರಿಂದ ನೇರ ಬ್ಯಾಟರಿಗೆ, ನಡುವೆ ಒಂದು ಫ್ಯೂಸು. ಮುಳ್ಳಿನ ಮೀಟರಿಗೆ ಇಷ್ಟೊಂದು ಕರೆಂಟ್ ತಡೆಯಲ್ಲ. ಅದರ ತಂತಿ ಎರಡೂ ಬಿಡಿಸಿ ಒಂದಕ್ಕೊಂದು ಸೇರಿಸಿಬಿಡು. ಪಾಪ, ಬೇಕಾದಷ್ಟು ದುಡಿದಿದೆ, ಇನ್ಮೇಲೆ ಸೊನ್ನೇಲೇ ಕೂತಿರಲಿ. ಡ್ರೈವರಿಗೆ ನಾನು ಹೇಳ್ತೀನಿ."

ಹೇಳಲಾಗಲಿಲ್ಲ. ಇಂಜಿನ್ ಓಡಿಸಿ ಪರೀಕ್ಷೆ ಮಾಡುವ ಮೊದಲೇ ಅವನು ಉಸಿರು ಕಟ್ಟಿ ಆಸ್ಪತ್ರೆ ಸೇರಿದ. ನಿನ್ನೆಯಷ್ಟೇ ಡ್ರೈವರ ಬಂದು ಲಾರಿ ಒಯ್ದಿದ್ದ. ಮುಳ್ಳು ಸೊನ್ನೆಯಲ್ಲಿರುವುದು ಸರಿಯೇ, ಆದರೆ ತಾನೆಳೆದ ವೈರಿನಲ್ಲಿ ಕರೆಂಟ್ ಹರಿಯುತ್ತಿದೆಯೋ ಇಲ್ಲವೋ ಅವಳು ನೋಡಿರಲೇ ಇಲ್ಲ.

*

ಅವಳು ಎದ್ದು ಶೆಡ್ಡಿನಿಂದ ವೋಲ್ಟ್ ಮೀಟರ್ ತಂದಳು.

"ಸ್ಟಾರ್ಟ್ ಮಾಡಪ್ಪ."

"ಅತ್ತಿಗೆ, ಇದೆಲ್ಲ ಈಗ ಯಾಕೆ?"

"ಈಗಲ್ದೆ ಇನ್ಯಾವಾಗ?"

ಬಂದಿದ್ದ ಜನ ಬಾಯಿ ಬಿಟ್ಟುಕೊಂಡು ನೋಡಿದರು. ಇಂಜಿನ್ ಕೆಮ್ಮಿ ಎದ್ದಿತು. ಅವಳು ಬ್ಯಾಟರಿಗೆ ಮೀಟರ್ ಹಿಡಿದಳು. ಹನ್ನೆರಡು, ಹದಿಮೂರು, ಹದಿನಾಲ್ಕು. ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ ಬರಬೇಕಾದ ಅಂಕಿ, ಅಲ್ಲೇ ಗಟ್ಟಿಯಾಗಿ ನಿಂತಿತು.

"ದೀಪ ಹಾಕು. ಇರೋದೆಲ್ಲ ಹಾಕು."

ಡ್ರೈವರ ಹಿಂದಿನ, ಮುಂದಿನ, ತಲೆಯ ಮೇಲಿನ ದೀಪಗಳನ್ನೆಲ್ಲ ಹಾಕಿದ. ಹದಿನಾಲ್ಕು ಇಳಿಯಲಿಲ್ಲ.

"ಅವರು ಹೇಳಿದ್ರು, ನಾನು ವೈರು ಎಳೆದೆ," ಎಂದಳು. "ಮುಳ್ಳು ಬೇಕಂತಲೇ ಬಿಡಿಸಿದ್ದು. ಕರೆಂಟ್ ಸರಿಯಾಗೇ ಬರ್ತಿದೆ."

ಡ್ರೈವರ ಕೈಮುಗಿದ. "ತಪ್ಪಾಯ್ತಕ್ಕ. ಈ ಲಾರಿ ಅಣ್ಣನಿಂದಲೇ ಬದುಕಿದ್ದು. ನನ್ನ ಮನೆಯವರ ಹೊಟ್ಟೆ ತುಂಬಿದ್ದೂ ಅದರಿಂದಲೇ."

ಅವಳಿಗೆ ಮೊದಲ ಬಾರಿ ಅಳು ಬಂತು. ದುಃಖಕ್ಕಿಂತ ಹೆಚ್ಚಾಗಿ, ಟಾರ್ಚ್ ಹಿಡಿದು ನಿಂತವಳಿಗೆ ಗುಟ್ಟು ಮಾಡದೆ ಎಲ್ಲ ಕಲಿಸಿದನಲ್ಲ ಪುಣ್ಯಾತ್ಮ ಎಂದು.

ಗಂಡನನ್ನು ಲಾರಿಯಲ್ಲಿ ಮಲಗಿಸಿದರು. ಅವಳು ಮುಂದಿನ ಸೀಟಿಗೆ ಹತ್ತಿದಳು. ಡ್ರೈವರ ದೀಪ ಆರಿಸಲು ಕೈ ಚಾಚಿದ.

"ಇರಲಿ ಬಿಡಪ್ಪ. ತಡ್ಕೊಳ್ಳುತ್ತೆ."

ನಡುಹಗಲ ಬಿಸಿಲಿನಲ್ಲಿ, ಇದ್ದಬದ್ದ ದೀಪವನ್ನೆಲ್ಲ ಉರಿಸಿಕೊಂಡು ಲಾರಿ ಬೀದಿಗಿಳಿಯಿತು.