ಮರಳೊಳಗಿನ ಕಾವು

ಕಾವಕ್ಕನ ಸರಿಯಾದ ಹೆಸರು ಏನೆಂದು ಕೇಳಿದರೆ ಅವಳ ಗಂಡನೂ ಒಂದು ಗಳಿಗೆ ಯೋಚಿಸಬೇಕು. ಬಾತುಕೋಳಿ ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸಿ ಮಾರುವುದು ಅವಳ ಕಸುಬು. ಮನೆಯ ಹಿಂದಿನ ತಗ್ಗು ಕೋಣೆಯಲ್ಲಿ ಹೊಟ್ಟು ತುಂಬಿದ ಪೆಟ್ಟಿಗೆಗಳು, ಪೆಟ್ಟಿಗೆಗಳ ಮೇಲೆ ಹಳೆಯ ಕಂಬಳಿ, ಮೂಲೆಯಲ್ಲಿ ಸದಾ ಉಗುರುಬೆಚ್ಚಗಿರುವ ಒಲೆ. ಬೆಳಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ಮೊಟ್ಟೆಗಳನ್ನು ಒಂದೊಂದಾಗಿ ಮಗುಚಿ ಇಡಬೇಕು. ಮಗುಚದೆ ಬಿಟ್ಟರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಮದುವೆಯಾಗಿ ಬಂದಾಗಿನಿಂದ ಈ ಕೆಲಸವನ್ನು ಅವಳು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಅಂಗಳದಲ್ಲಿ ಕೂತು ಯಾರೊಂದಿಗಾದರೂ ಮಾತಾಡುತ್ತಿರುವಾಗಲೂ ಅವಳ ಬಲಗೈ ಮಡಿಲಲ್ಲಿ ಏನನ್ನೋ ಅರ್ಧ ಸುತ್ತು ತಿರುಗಿಸುತ್ತಲೇ ಇರುತ್ತದೆ.

ಅಂಥವಳನ್ನು ಹೊಳೆದಂಡೆಯ ರೆಸಾರ್ಟಿಗೆ ಎಳೆದು ತಂದವಳು ನಾದಿನಿ. ಆಸ್ಪತ್ರೆಯಲ್ಲಿ ನರ್ಸು, ಒಂಟಿ ಜೀವ. ವರ್ಷಕ್ಕೊಮ್ಮೆ ಎಲ್ಲಿಗಾದರೂ ಹೋಗಿ ಬರುವ ರೂಢಿ ಅವಳದು. ಈ ಸಲ ಅಣ್ಣ ಅತ್ತಿಗೆಯನ್ನು ಬಿಟ್ಟು ಹೋಗುವುದಿಲ್ಲವೆಂದು ಹಟ ಹಿಡಿದಳು. ಕಾವಕ್ಕ ಹೇಳಿದ ನೆಪಗಳೆಲ್ಲ ಮುಗಿದ ಮೇಲೆ ನಾದಿನಿ ಹೇಳಿದ್ದು ಇಷ್ಟೇ: "ಅತ್ತಿಗೆ, ನೀನೇನು ಬಾತಿನ ಹೊಟ್ಟೇಲಿ ಹುಟ್ಟಿದವಳಲ್ಲ. ನಾಲ್ಕು ದಿನ ಮನುಷ್ಯರ ಥರ ಇದ್ದು ಬಾ." ಪೆಟ್ಟಿಗೆಗಳನ್ನು ನೋಡಿಕೊಳ್ಳಲು ಓರಗಿತ್ತಿ ಒಪ್ಪಿದಳು. ಬಸ್ಸು ಊರು ದಾಟುವುದರೊಳಗೆ ಕಾವಕ್ಕ ಅವಳಿಗೆ ಎರಡು ಸಲ ಫೋನು ಮಾಡಿ ಮುಗಿಸಿದ್ದಳು.

ರೆಸಾರ್ಟಿನ ಕಾಟೇಜಿನಲ್ಲಿ ಹಾಸಿಗೆಯ ಮೇಲೆ ಬಿಳಿ ಟವೆಲನ್ನು ಹಂಸದ ಹಾಗೆ ಮಡಿಸಿ ಕೂರಿಸಿದ್ದರು. ಕಾವಕ್ಕ ಅದನ್ನು ಸುತ್ತಲೂ ನೋಡಿ, ಇದರ ಎದೆ ಬಲವಾಗಿಲ್ಲ, ಮೊಟ್ಟೆ ಇಡುವ ಜಾತಿಯಲ್ಲ ಎಂದಳು. ಗಂಡ ಅದನ್ನು ಬಿಚ್ಚಲು ಮನಸ್ಸಾಗದೆ ತನ್ನ ಹೆಗಲ ವಸ್ತ್ರದಲ್ಲೇ ಮೈ ಒರೆಸಿಕೊಂಡ. ಬೆಳಗಿನ ತಿಂಡಿಗೆ ಬೇಯಿಸಿದ ಮೊಟ್ಟೆ ಬಂದಾಗ ಅವಳು ಒಡೆಯುವ ಮುಂಚೆ, ಒಳಗೆ ಮರಿ ಕಟ್ಟಿದೆಯೇ ಎಂದು ನೋಡುವ ರೂಢಿಯಂತೆ, ಬೆಳಕಿಗೆ ಹಿಡಿದು ನೋಡಿದಳು. ಬಡಿಸುವವನು ಏನಾದರೂ ತಪ್ಪಾಯಿತೇ ಎಂದು ಓಡಿಬಂದ.

ಆದರೆ ಹೊಳೆಯ ಮುಂದೆ ಅವಳ ಬಾಯಿ ಕಟ್ಟಿತು. ಕಾಟೇಜುಗಳ ಹಿಂದೆ ನೀರಿನ ಮೇಲಕ್ಕೆ ಚಾಚಿದ ಮರದ ಜಗಲಿಯೊಂದಿತ್ತು. ಅಲ್ಲಿ ಕೂತರೆ ಎದುರು ದಂಡೆಯ ಮರವೆಲ್ಲ ಬೆಳ್ಳಕ್ಕಿಗಳಿಂದ ಬೆಳ್ಳಗೆ ಕಾಣುತ್ತಿತ್ತು. ನೀರುನಾಯಿಗಳ ಒಂದು ಸಂಸಾರ ಮೀನನ್ನು ಎರಡು ಕೈಯಲ್ಲಿ ಹಿಡಿದು ತಲೆಯ ಕಡೆಯಿಂದ ಕಚ್ಚಿ ತಿನ್ನುತ್ತಿತ್ತು. ಬಿದ್ದ ಮರದ ಕಾಂಡದ ಮೇಲೆ ಆಮೆಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಕೂತು ಕತ್ತು ಚಾಚಿ ಬಿಸಿಲು ಕಾಯುತ್ತಿದ್ದವು. ಮತ್ತೆ, ಮೊಸಳೆಗಳು. ಮೊದಲ ದಿನ ಅವಳಿಗೆ ಅವು ಕಾಣಲೇ ಇಲ್ಲ. ಬಂಡೆಯೆಂದುಕೊಂಡಿದ್ದು ಬಾಯಿ ತೆರೆದಾಗ ಮಾತ್ರ ಗೊತ್ತಾಯಿತು. ಒಳಗೆಲ್ಲ ತಿಳಿ ಹಳದಿ. ಆ ಬಾಯಿಯನ್ನು ಅದು ತೆರೆದೇ ಇಟ್ಟುಕೊಂಡು ಕಲ್ಲಿನಂತೆ ಬಿದ್ದಿತ್ತು. ಇಷ್ಟು ಅವಸರವಿಲ್ಲದ ಜೀವವನ್ನು ನಾನು ನೋಡೇ ಇಲ್ಲ ಎಂದು ಕಾವಕ್ಕ ಗಂಡನಿಗೆ ಹೇಳಿದಳು. ನಮ್ಮಪ್ಪನನ್ನು ನೀನು ಸರಿಯಾಗಿ ನೋಡಿರಲಿಲ್ಲ ಎಂದು ಅವನು ಹೇಳಿದ.

ದಂಡೆಯನ್ನು ನೋಡಿಕೊಳ್ಳುವ, ಬಂದವರನ್ನು ದೋಣಿಯಲ್ಲಿ ಸುತ್ತಾಡಿಸುವ ನಡುವಯಸ್ಸಿನ ಆಳೊಬ್ಬನಿದ್ದ. ಎಲ್ಲರೂ ಅವನನ್ನು ಹೊಳೆಯಣ್ಣ ಎನ್ನುತ್ತಿದ್ದರು. ಜಗಲಿಯ ಆಚೆ, ಮರಳು ದಿಬ್ಬದ ಮೇಲೆ ತಂತಿ ಬಲೆ ಮುಚ್ಚಿದ ಜಾಗವೊಂದನ್ನು ಅವನು ತೋರಿಸಿದ. ಅಲ್ಲಿ ತಾಯಿ ಮೊಸಳೆಯೊಂದು ಮೊಟ್ಟೆ ಇಟ್ಟು ಮುಚ್ಚಿದೆ. ಉಡ ಬಂದು ಅಗೆಯದಿರಲೆಂದು ಬಲೆ. ಮರಿಯಾಗುವ ಕಾಲ ಹತ್ತಿರ ಬಂದಿದೆ. ತಾಯಿ ಕೆಳಗಿನ ನೀರಿನಲ್ಲೇ ಇರುತ್ತದೆ, ಯಾರೂ ಆ ಕಡೆ ಹೋಗಬಾರದು. ಹಿಂದಿನ ವರ್ಷ ಪ್ರವಾಹ ಬಂದು ಗೂಡೆಲ್ಲ ಕೊಚ್ಚಿಹೋಗಿತ್ತಂತೆ. ಅದನ್ನು ಹೇಳುವಾಗ ಹೊಳೆಯಣ್ಣ ಹೊಳೆಯನ್ನು ನೋಡಲಿಲ್ಲ.

ಕಾವಕ್ಕ ಕೇಳಿದ್ದು ಒಂದೇ: ಕಾವು ಯಾರು ಕೊಡುತ್ತಾರೆ? ಮರಳು ಕೊಡುತ್ತದೆ, ಬಿಸಿಲು ಕೊಡುತ್ತದೆ ಎಂದ ಅವನು. ಅವತ್ತೆಲ್ಲ ಅವಳು ಆ ದಿಬ್ಬವನ್ನೇ ನೋಡುತ್ತ ಕೂತಳು. ಒಲೆಯಿಲ್ಲ, ಕಂಬಳಿಯಿಲ್ಲ, ನಡುರಾತ್ರಿ ಎದ್ದು ಕೆನ್ನೆಗೆ ಮೊಟ್ಟೆ ಒತ್ತಿ ಬಿಸಿ ನೋಡುವವರಿಲ್ಲ. ಇಡೀ ದಂಡೆಯೇ ಒಂದು ಪೆಟ್ಟಿಗೆ.

ಮಾರನೆಯ ದಿನ ಮಧ್ಯಾಹ್ನ ಊಟವಾಗಿ ಎಲ್ಲರೂ ಮಲಗಿದ್ದರು. ಜಗಲಿಯ ಮೇಲೆ ಕಾವಕ್ಕ, ಅವಳ ಗಂಡ ಇಬ್ಬರೇ. ಗಂಡ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಪೊದೆಯೊಳಗಿನಿಂದ ಉಡವೊಂದು ಹೊರಗೆ ಬಂತು. ನಾಲಿಗೆ ಚಾಚುತ್ತ, ಎಳೆಯುತ್ತ, ಸೀದಾ ದಿಬ್ಬ ಹತ್ತಿತು. ಬಲೆಯ ಒಂದು ಮೂಲೆ ಸಡಿಲವಾಗಿತ್ತೋ ಏನೋ, ಅದರ ಕೆಳಗೆ ತಲೆ ತೂರಿಸಿ ಮರಳು ಎರಚತೊಡಗಿತು. ಕಾವಕ್ಕ ಎದ್ದದ್ದು ಅವಳಿಗೇ ಗೊತ್ತಿಲ್ಲ. ಮನೆಯಲ್ಲಿ ಗೂಡಿಗೆ ಕಾಡುಬೆಕ್ಕು ನುಗ್ಗಿದಾಗ ಹೇಗೆ ಓಡುತ್ತಾಳೋ ಹಾಗೇ ಓಡಿದಳು. ಜಗಲಿಯ ಅಂಚಿನ ಕಂಬಿ ದಾಟಿ, ಸೀರೆ ಎತ್ತಿ ಕಟ್ಟಿ, "ಹುಶ್, ಹುಶ್" ಎನ್ನುತ್ತ ದಿಬ್ಬ ಏರಿದಳು. ಉಡ ತಿರುಗಿ ನೋಡಿ, ಬಾಲ ಬೀಸಿ, ಪೊದೆ ಸೇರಿತು.

ಬಲೆ ಎದ್ದಿತ್ತು. ಮರಳು ಸರಿದ ಕಡೆ ಮೊಟ್ಟೆಗಳು ಕಾಣುತ್ತಿದ್ದವು. ಬಾತಿನ ಮೊಟ್ಟೆಗಿಂತ ಉದ್ದ, ಎರಡೂ ತುದಿ ಒಂದೇ ಸಮ, ಸುಣ್ಣದ ಬಿಳುಪು. ಕೆಲವು ಗುಂಡಿಯ ಅಂಚಿಗೆ ಉರುಳಿದ್ದವು. ಅವಳು ಮಂಡಿಯೂರಿದಳು. ಒಂದನ್ನು ತೆಗೆದು ಕೆನ್ನೆಗೆ ಒತ್ತಿದಳು. ಬೆಚ್ಚಗಿತ್ತು, ಅವಳ ಒಲೆ ಕೊಡುವ ಬಿಸಿಯ ಹತ್ತಿರ ಹತ್ತಿರ. ಉರುಳಿದ್ದನ್ನೆಲ್ಲ ಒಳಗಿಟ್ಟಳು. ಆಮೇಲೆ, ಮನೆ ಬಿಟ್ಟು ಬಂದಾಗಿನಿಂದ ಬರಿದಾಗಿದ್ದ ಕೈ ತನ್ನ ಕೆಲಸ ಮಾಡಿತು. ಮೇಲಿನ ಸಾಲಿನ ಮೊಟ್ಟೆಗಳನ್ನು ಒಂದೊಂದಾಗಿ ಅರ್ಧ ಸುತ್ತು ಮಗುಚಿ, ಬೊಗಸೆಯಿಂದ ಮರಳು ಮುಚ್ಚಿ, ಮೇಲೆ ಅಂಗೈಯಿಂದ ತಟ್ಟಿದಳು.

ತಟ್ಟಿ ತಲೆ ಎತ್ತಿದರೆ ತಾಯಿ ಎದುರಿಗಿತ್ತು.

ಯಾವಾಗ ನೀರಿನಿಂದ ಬಂತೋ, ಒಂದು ತೊಟ್ಟು ಸದ್ದಿಲ್ಲ. ದಿಬ್ಬದ ಬುಡದಲ್ಲಿ ನಾಲ್ಕು ಕಾಲ ಮೇಲೆ ಎತ್ತರವಾಗಿ ನಿಂತಿತ್ತು. ಮೈಯಿಂದ ನೀರು ಇಳಿಯುತ್ತಿತ್ತು. ಬೆನ್ನಿನ ಮೇಲೆ ಯಾರೋ ಅಳತೆ ಇಟ್ಟು ಕಡೆದ ಹಾಗೆ ಸಾಲು ಸಾಲು ಏಣುಗಳು, ಕಣ್ಣು ಹಳೆಯ ಹಿತ್ತಾಳೆಯ ಬಣ್ಣ, ಅದರ ನಡುವೆ ಒಂದು ಕಪ್ಪು ಗೀರು. ಬಾಯಿ ಅರೆ ತೆರೆದು ಬುಸ್ಸೆಂದಿತು. ಕಾವಕ್ಕನಿಗೆ ಹೆದರಿಕೆ ಆಗಲಿಲ್ಲವೆಂದಲ್ಲ. ಆದರೂ ಆ ಬುಸ್ಸು ಅವಳಿಗೆ ಗೊತ್ತಿದ್ದ ಬುಸ್ಸು. ಕಾವಿಗೆ ಕೂತ ಬಾತಿನ ಗೂಡಿಗೆ ಕೈ ಹಾಕಿದರೆ ಬರುವುದು ಇದೇ ಸದ್ದು, ಇದು ಹೆಚ್ಚು ಆಳದ್ದು ಅಷ್ಟೇ. ಅವಳು ಏಳಲಿಲ್ಲ. ಕೂತಲ್ಲಿಂದಲೇ, ಬೆನ್ನು ತೋರಿಸದೆ, ತೆವಳಿಕೊಂಡು ಹಿಂದಕ್ಕೆ ಸರಿದಳು. "ಮುಟ್ಟಲ್ಲ, ತಾಯಿ. ಹೋಗ್ತಿದ್ದೀನಿ. ನಿಂದು ನಿಂಗೇ," ಎಂದು ತಗ್ಗಿದ ದನಿಯಲ್ಲಿ ಹೇಳುತ್ತಲೇ ಇದ್ದಳು. ಜಗಲಿಯ ಮೇಲೆ ಗಂಡ ಎದ್ದು ನಿಂತು "ಇವಳೇ... ಇವಳೇ..." ಎನ್ನುವುದು ಕೇಳುತ್ತಿತ್ತು. ಮೊಸಳೆ ದಿಬ್ಬ ಏರಿತು. ಅವಳು ಸರಿದ ಜಾಗದಲ್ಲಿ ಗದ್ದವನ್ನು ಮರಳಿಗೆ ಇಟ್ಟು ಮಲಗಿತು. ಅವಳ ಕಡೆ ಮತ್ತೆ ನೋಡಲಿಲ್ಲ.

ಹೊಳೆಯಣ್ಣ ಓಡಿಬಂದು ಬೈದ. ನಾದಿನಿ ಎದ್ದು ಬಂದು ಅವನಿಗಿಂತ ಹೆಚ್ಚು ಬೈದಳು, ಬೈಯುತ್ತಲೇ ನಾಡಿ ಹಿಡಿದು ನೋಡಿದಳು. ಕಾವಕ್ಕ ಎಲ್ಲವನ್ನೂ ಕೇಳಿಸಿಕೊಂಡು, ಆದದ್ದನ್ನು ಆದ ಹಾಗೇ ಹೇಳಿದಳು. ಮಗುಚಿದ್ದನ್ನೂ ಹೇಳಿದಳು. ಅದು ತಪ್ಪೆಂದು ಅವಳಿಗೆ ಅನ್ನಿಸಿರಲಿಲ್ಲ. ಒಂದು ಸಣ್ಣ ಉಪಕಾರ ಮಾಡಿದಂತೆಯೇ ಹೇಳಿದಳು.

ಹೊಳೆಯಣ್ಣ ದಿಬ್ಬದ ಕಡೆ ತಿರುಗಿ ನೋಡಿದ.

"ಮಗುಚಿದ್ರಾ?"

"ಹೂಂ. ಮೇಲಿನ ಸಾಲು."

"ಮೊಸಳೆ ಮೊಟ್ಟೆ ಮಗುಚಬಾರದಮ್ಮ," ಎಂದ ಅವನು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ಹೇಗೆ ಇಟ್ಟಿರುತ್ತೋ ಹಾಗೇ ಇರಬೇಕು. ಒಳಗಿನ ಮರಿ ಮೇಲಿನ ಚಿಪ್ಪಿಗೇ ಅಂಟಿಕೊಂಡು ಬೆಳೆಯುತ್ತೆ. ತಿರುಗಿಸಿದ್ರೆ ಉಸಿರು ಕಟ್ಟುತ್ತೆ."

ಕಾವಕ್ಕ ತನ್ನ ಕೈಯನ್ನು ನೋಡಿಕೊಂಡಳು. ಅಂಟಬಾರದೆಂದು ಮಗುಚುವುದು ಅವಳ ಕಸುಬು. ಅಂಟಿಯೇ ಬದುಕುವ ಮರಿಯೊಂದು ಲೋಕದಲ್ಲಿ ಇದೆಯೆಂದು ಅವಳಿಗೆ ಯಾರು ಹೇಳಬೇಕಿತ್ತು? ಕಡೆಯ ದಿನಗಳಲ್ಲಾದರೆ ಉಳಿದರೂ ಉಳಿಯಬಹುದು, ಹೇಳಲಾಗದು ಎಂದು ಹೊಳೆಯಣ್ಣ ಸೇರಿಸಿದ. ಉಡ ಹೊಕ್ಕಿದ್ದರೆ ಒಂದೂ ಉಳಿಯುತ್ತಿರಲಿಲ್ಲ ಎಂದು ನಾದಿನಿ ಸಮಾಧಾನ ಹೇಳಿದಳು. ಕಾವಕ್ಕನಿಗೆ ಎರಡೂ ಮಾತು ಒಳಗಿಳಿಯಲಿಲ್ಲ.

ಮರುದಿನ ಹೊರಡಬೇಕು. ಅವಳು ಬರುವುದಿಲ್ಲ ಎಂದಳು. ಮನೆಯಲ್ಲಿ ಪೆಟ್ಟಿಗೆಗಳಿವೆ ಎಂದು ಗಂಡ ನೆನಪಿಸಿದ. ಅಲ್ಲಿಗೆ ಓರಗಿತ್ತಿ ಇದ್ದಾಳೆ, ಇಲ್ಲಿಗೆ ಯಾರಿದ್ದಾರೆ ಎಂದು ಅವಳು ಕೇಳಿದಳು. ಅವನು ಅವಳ ಮುಖ ನೋಡಿ ಚೀಲವನ್ನು ಮತ್ತೆ ಕೆಳಗಿಟ್ಟ. ನಾದಿನಿ ಆಫೀಸಿಗೆ ಹೋಗಿ ಮಾತಾಡಿ, ಬಟ್ಟೆ ಒಗೆಯುವ ಕೋಣೆಯ ಹಿಂದೆ ಕೆಲಸದವರು ಇರುವ ಕಡೆ ಒಂದು ಕೋಣೆ ಬಿಡಿಸಿಕೊಟ್ಟಳು. ರಜೆ ಮುಗಿದಿದ್ದರಿಂದ ತಾನು ಹೊರಟಳು. ಹೊರಡುವಾಗ, ಮೊಸಳೆಗೆ ಬಾಣಂತನ ಮಾಡಲು ಕೂತ ಅತ್ತಿಗೆ ನನಗೊಬ್ಬಳಿಗೇ ಇರಬೇಕು ಎಂದು ನಕ್ಕಳು. ನಕ್ಕು, ಅತ್ತಿಗೆಯ ಕೈಯನ್ನು ತುಸು ಹೊತ್ತು ಬಿಡಲಿಲ್ಲ.

ಆಮೇಲೆ ಕಾಯುವುದಷ್ಟೇ. ಸೋಪಿನ ವಾಸನೆಯ ಆ ಕೋಣೆಯಲ್ಲಿ ರಾತ್ರಿ ಕಳೆದು, ಬೆಳಕು ಹರಿಯುತ್ತಲೇ ಇಬ್ಬರೂ ಜಗಲಿಗೆ ಬರುತ್ತಿದ್ದರು. ತಾಯಿ ಕೆಲವೊಮ್ಮೆ ನೀರಿನಲ್ಲಿ, ಎರಡು ಕಣ್ಣು ಒಂದು ಮೂಗು ಮಾತ್ರ. ಕೆಲವೊಮ್ಮೆ ದಿಬ್ಬದ ಮೇಲೆ. ಬೇಟೆಗೆ ಹೋದದ್ದನ್ನು ಅವರು ನೋಡಲಿಲ್ಲ. ಜಿಂಕೆಯೊಂದು ತೀರ ಹತ್ತಿರ ಬಂದು ನೀರು ಕುಡಿದು ಹೋಯಿತು, ತಾಯಿ ಅಲುಗಲಿಲ್ಲ. "ಊಟ ಬಿಟ್ಟು ಕೂತಿದ್ದಾಳೆ," ಎಂದಳು ಕಾವಕ್ಕ. ಅವಳೂ ಸರಿಯಾಗಿ ಉಣ್ಣುತ್ತಿಲ್ಲವೆಂಬುದನ್ನು ಗಂಡ ಹೇಳಲಿಲ್ಲ.

ಒಂದು ಸಂಜೆ, ಬೆಳ್ಳಕ್ಕಿಗಳು ಮರಕ್ಕೆ ಮರಳುವ ಹೊತ್ತಿಗೆ, ತಾಯಿ ದಿಬ್ಬದ ಮೇಲೆ ತಲೆಯನ್ನು ಒಂದು ಪಕ್ಕಕ್ಕೆ ಮಾಡಿ ಮರಳಿಗೆ ಒತ್ತಿತು. ಕಾವಕ್ಕ ಕುರ್ಚಿಯ ತುದಿಗೆ ಬಂದಳು. ಅವಳಿಗೂ ಕೇಳಿತು. ನೆಲದೊಳಗಿನಿಂದ, ಕಪ್ಪೆಮರಿಯದೋ ಹಕ್ಕಿಮರಿಯದೋ ಎಂಬಂಥ ಸಣ್ಣ ಕೀಚಲು ದನಿ. ಒಂದು, ಅದಕ್ಕೆ ಉತ್ತರ ಕೊಡುವ ಇನ್ನೊಂದು. ತಾಯಿ ನೀರಿಗೆ ಒಮ್ಮೆ ಇಳಿದಾಗ ಹೊಳೆಯಣ್ಣ ಉದ್ದನೆಯ ಕೋಲಿನ ಕೊಕ್ಕೆಯಿಂದ ಬಲೆಯನ್ನು ಎಳೆದು ತೆಗೆದು, ಜಗಲಿಗೆ ಹತ್ತಿ ಬಂದು ಅವರ ಪಕ್ಕ ನಿಂತ.

ಮುಂಗಾಲಿನಿಂದ ತಾಯಿ ಮರಳು ತೋಡಿದ ರೀತಿಯನ್ನು ಕಾವಕ್ಕ ಆಮೇಲೆ ಊರಿನಲ್ಲಿ ಎಷ್ಟು ಜನಕ್ಕೆ ಹೇಳಿದಳೋ. ಅಷ್ಟು ದಪ್ಪ ಉಗುರು. ಒಂದು ಚಿಪ್ಪಿಗೂ ತಾಗದ ಹಾಗೆ, ಬೆಣ್ಣೆ ತೆಗೆದಂತೆ ತೋಡಿತು. ಒಂದೊಂದೇ ಮರಿ ಮರಳಿನಿಂದ ಮೂತಿ ಎತ್ತಿದಾಗ ಬಾಯಿ ತೆರೆದು, ಹಲ್ಲುಗಳ ನಡುವೆ ಹಿಡಿದು, ನಾಲಿಗೆಯ ಮೇಲೆ ಕೂರಿಸಿಕೊಂಡಿತು. ಜಿಂಕೆಯ ಬೆನ್ನು ಮುರಿಯುವ ದವಡೆ ಅದು. ಬಾಯಿ ತುಂಬಿದಾಗ ನೀರಿಗೆ ಇಳಿದು, ತಲೆಯನ್ನು ಮೆಲ್ಲಗೆ ಆಡಿಸಿ ಮರಿಗಳನ್ನು ಬಿಟ್ಟು, ಮತ್ತೆ ಮೇಲೆ ಬಂತು. ಜಗಲಿಯ ಮೇಲೆ ಜನ ಸೇರಿದ್ದರು.

ಕಡೆಗೆ ಒಡೆಯದ ಮೊಟ್ಟೆಗಳು ಉಳಿದವು. ತಾಯಿ ಅವುಗಳಲ್ಲೊಂದನ್ನು ಬಾಯಿಗೆ ತೆಗೆದುಕೊಂಡಿತು. ನಾಲಿಗೆಗೂ ಅಂಗುಳಿಗೂ ನಡುವೆ ಅದನ್ನು ಹೊರಳಿಸಿತು. ಮತ್ತೆ ಹೊರಳಿಸಿತು. ಕಾವಕ್ಕನ ಬಲಗೈ ಕಂಬಿಯ ಮೇಲೆ ಅರ್ಧ ಸುತ್ತು ತಿರುಗಿ ನಿಂತಿತು. ಚಿಪ್ಪು ಬಿರಿಯುವ ಸಣ್ಣ ಸದ್ದು. ತಾಯಿಯ ಹಲ್ಲುಗಳ ಸಂದಿಯಿಂದ ಒಂದು ಬಾಲ ಹೊರಗೆ ಬಂದು ಮಿಡುಕಿತು.

"ನೋಡ್ರೀ," ಎಂದಳು ಅವಳು ಗಂಡನಿಗೆ.

ಹಾಗೆ ಇನ್ನೂ ಕೆಲವನ್ನು ತಾಯಿ ಬಿಡಿಸಿತು. ಮತ್ತೆರಡನ್ನು ಮೂಸಿ, ಮೂತಿಯಿಂದ ತಳ್ಳಿ, ಬಿಟ್ಟು ನೀರಿಗೆ ಹೋಯಿತು. ತಿರುಗಿ ಬರಲಿಲ್ಲ.

ಬೆಳಗ್ಗೆ ಹೊಳೆಯಣ್ಣ ಆ ಎರಡನ್ನು ಜಗಲಿಗೆ ತಂದ. ಒಡೆದು ನೋಡದೆ ಹೂಳಿಬಿಡಲೇ ಎಂದು ಕೇಳಿದ. ಕಾವಕ್ಕನ ಪೆಟ್ಟಿಗೆಯಲ್ಲಿ ಮರಿಯಾಗದ ಮೊಟ್ಟೆಯನ್ನು ಅವಳು ಎಂದೂ ಒಡೆಯದೆ ಎಸೆದವಳಲ್ಲ. ಏನು ತಪ್ಪಿತೆಂದು ನೋಡಲೇಬೇಕು. "ಒಡೀರಿ," ಎಂದಳು.

ಮೊದಲನೆಯದರಲ್ಲಿ ಬರಿ ಹಳದಿ ನೀರು. ಅದರಲ್ಲಿ ಮರಿ ಕಟ್ಟೇ ಇರಲಿಲ್ಲ. ಯಾರ ಕೈಯ ತಪ್ಪೂ ಅಲ್ಲ. ಎರಡನೆಯದರಲ್ಲಿ ಮರಿ ಪೂರ್ತಿ ಆಗಿತ್ತು. ಅದನ್ನು ಅವಳು ಅಂಗೈಗೆ ತೆಗೆದುಕೊಂಡಳು. ಬೆನ್ನಿನ ಏಣುಗಳು ಸಾಲಿಗೆ ಸಾಲು ಮೂಡಿದ್ದವು. ಅಕ್ಕಿ ನುಚ್ಚಿನಂಥ ಹಲ್ಲು, ಉಗುರು, ಮುಚ್ಚಿದ ರೆಪ್ಪೆ. ಮೂತಿಯ ತುದಿಯಲ್ಲಿ ಚಿಪ್ಪು ಸೀಳಲು ಬೇಕಾದ ಚೂಪು ಮೊನೆ ಕೂಡ ಸಿದ್ಧವಾಗಿತ್ತು. ಒಂದೂ ಮರೆತಿರಲಿಲ್ಲ.

"ಇದು ನನ್ನ ಕೈಯದು," ಎಂದಳು.

ಹಾಗೆನ್ನಲಾಗದು, ಎಲ್ಲ ಗೂಡಿನಲ್ಲೂ ಒಂದೆರಡು ಹೀಗಾಗುತ್ತವೆ ಎಂದು ಹೊಳೆಯಣ್ಣ ಹೇಳಿದ. ತನ್ನ ಪೆಟ್ಟಿಗೆಗಳಲ್ಲೂ ಹೀಗಾಗುವುದುಂಟು ಎಂದು ಅವಳಿಗೆ ಗೊತ್ತಿತ್ತು. ಇರಬಹುದು, ಇಲ್ಲದೆಯೂ ಇರಬಹುದು. ಅವಳು ವಾದ ಮಾಡಲಿಲ್ಲ. ಜಗಲಿಯ ಪಕ್ಕದ ಮರದಡಿ ಕೈಯಿಂದಲೇ ಮಣ್ಣು ತೋಡಿ ಮರಿಯನ್ನು ಮಲಗಿಸಿ ಮುಚ್ಚಿದಳು. ಗಂಡ ಮೇಲೊಂದು ಚಪ್ಪಟೆ ಕಲ್ಲು ತಂದಿಟ್ಟ.

ಕೆಳಗೆ ನೀರಿನ ಅಂಚಿನಲ್ಲಿ, ಜೊಂಡಿನ ನೆರಳಲ್ಲಿ, ತಾಯಿ ಮಲಗಿತ್ತು. ಅದರ ತಲೆಯ ಮೇಲೆ, ಕತ್ತಿನ ಮೇಲೆ, ಬೆನ್ನಿನ ಏಣುಗಳ ನಡುವೆ ಮರಿಗಳು ಹತ್ತಿ ಕೂತಿದ್ದವು. ಒಂದು ಜಾರಿ ನೀರಿಗೆ ಬಿದ್ದು ಕೀಚಲು ದನಿಯಲ್ಲಿ ಕೂಗಿತು. ತಾಯಿ ಗಂಟಲೊಳಗೆ ಗುರುಗುಟ್ಟಿತು, ನೀರಿನ ಮೇಲೆ ಸಣ್ಣ ನಡುಕ ಎದ್ದಿತು. ಮರಿ ಈಜಿ ಬಂದು ಮೂತಿಯ ಮೇಲಿಂದ ಹತ್ತಿತು. ಎಷ್ಟಿರಬಹುದು ಎಂದು ಗಂಡ ಕೇಳಿದ. ಕಾವಕ್ಕ ಎಣಿಸಲು ಹೋಗಲಿಲ್ಲ. ಮಣ್ಣಾದ ಕೈಯನ್ನು ತೊಳೆಯುವುದನ್ನೂ ಮರೆತು, ಬಸ್ಸಿನ ಹೊತ್ತಾಯಿತೆಂದು ಅವನು ಎರಡನೆಯ ಸಲ ಕರೆಯುವವರೆಗೆ, ನೋಡುತ್ತ ನಿಂತಳು.