ಕೌದಿ ಹೊಚ್ಚಿದ ಡಬ್ಬಿ

ಈ ಸಲ ಬಕ್ರೀದ ಖಡಕ ಬ್ಯಾಸಗ್ಯಾಗ ಬಂತು. ಅದರಾಗ ನಮ್ಮ ಇಂಡಿ ಬಿಸಲು ಅಂದ್ರ ನಿಂಬಿಕಾಯಿ ಗಿಡದಾಗ ಇದ್ದಂಗ ಬೇಯತಾವ. ಅಂಥಾದ್ರಾಗ ಕುರ್ಬಾನಿ ಮಟನ್ ಮುದ್ದೇಬಿಹಾಳತನಕ ಒಯ್ಯೋ ಕೆಲಸಾ ನಾ ಮೈಮ್ಯಾಲೆ ಹಾಕ್ಕೊಂಡೆ. ಯಾರೂ ಮಾಡಂತ ಹೇಳಿರಲಿಲ್ಲ. ನನಗ ಇಂಥಾವು ಅಂದ್ರ ಬಾಳ ಹುರುಪು, ಮೊಬೈಲನ್ಯಾಗ ನೋಡಿ ನೋಡಿ ಎಲ್ಲಾ ಕಲ್ತಿದ್ದೆ.

ಮುದ್ದೇಬಿಹಾಳ ನಮ್ಮ ಅಕ್ಕ ಮೆಹನಾಜನ ಗಂಡನ ಊರು. ಹ್ವಾದ ವರ್ಷ ಆಕಿ ಪಾಲಿನ ಹಿಸ್ಸಾ ಹಸೀದ ಇದ್ದಾಗನ ಪಿಶವ್ಯಾಗ ಕಟ್ಟಿ ಬಸ್ಸಿಗೆ ಹಾಕಿ ಕಳಿಸಿದ್ವಿ. ಮುಟ್ಟೂದ್ರಾಗ ವಾಸನಿ ಹೊಡದಿತ್ತು. ಅಕ್ಕನ ಅತ್ತಿ, ನಾವು ಖಾಲಾ ಅಂತೇವಿ, ಓಣಿ ಹೆಣ್ಮಕ್ಕಳೆಲ್ಲಾ ನೋಡೂಮುಂದ ಆ ಪಿಶವಿ ಒಯ್ದು ನಾಯಿಗೆ ಸುರುವಿದ್ಲಂತ. ಅವತ್ತಿಂದ ಅಕ್ಕನ ಕೈಯಾಗ ಹಾಲು ಉಕ್ಕಿದ್ರೂ "ಇಂಡಿ ಪದ್ಧತಿ ಏನಿದು?" ಅಂತಾಳ ಖಾಲಾ.

ಈಗ ಅಕ್ಕಗ ದಿನಾ ತುಂಬಾಕ ಬಂದಾವ. ಚೊಚ್ಚಲು. ಹೆರಿಗಿಗೆ ನಮ್ಮ ಮನಿಗೆ ಬರಬೇಕು. ಖಾಲಾ ಅಡ್ಡ ಹಾಕಿದ್ಲು. "ಮಟನ್ ಇಟ್ಕೊಳ್ಳಾಕ ಬರದವರು ಬಾಳಂತೀನ ಹೆಂಗ ಇಟ್ಕೋತಾರ? ಈ ಸಲ ಹೆಂಗ ಕಳಸ್ತಾರ ನೋಡೂಣು, ಆಮ್ಯಾಲೆ ಮಾತು" ಅಂದಿದ್ಲಂತ.

ಅಕ್ಕ ಫೋನಿನ್ಯಾಗ ಪಿಸುಪಿಸು ಮಾತಾಡಿದ್ಲು. "ಆಸಿಫಾ, ಕಲ್ಲಿನಂಗ ತಗೊಂಡ ಬಾ. ಅತ್ತಿ ಹೆಬ್ಬೆಟ್ಟ ಒತ್ತಿ ನೋಡ್ತಾಳ."

"ಆಕಿ ಹೆಬ್ಬೆಟ್ಟ ನೋಯಬೇಕು, ಹಂಗ ತರ್ತೇನಿ" ಅಂದೆ.

ಆಲಮಟ್ಟ್ಯಾಗ ಮೀನ ಮಾರೋ ನಮ್ಮ ಮಾಮಾನ ಕಡಿಂದ ಥರ್ಮಾಕೋಲ ಡಬ್ಬಿ ತರಿಸಿದೆ. ಮೀನಿನ ನಾತ ಹೋಗೂತನಕ ನಿಂಬಿಹಣ್ಣು ಹಚ್ಚಿ ತಿಕ್ಕಿದೆ. ಹಿಸ್ಸಾ ಫ್ರೀಜರನ್ಯಾಗ ಇಟ್ಟೆ, ನೆಲಕ್ಕ ಬಡದ್ರ ಫರಸಿ ಒಡೀಬೇಕು ಹಂಗ ಆತು. ಬಾಟ್ಲ್ಯಾಗ ನೀರ ತುಂಬಿ ಬರ್ಫ ಮಾಡಿ ಸುತ್ತಲೂ ಜೋಡಿಸಿದೆ, ಪೇಪರ ತುರುಕಿದೆ, ಟೇಪ್ ಹಚ್ಚಿದೆ, ಕಡೀಕ ಅಮ್ಮನ ಕೌದಿ ತಂದು ಹೊಚ್ಚಿದೆ.

ಅಮ್ಮ ಬಾಗಲಾಗ ನಿಂತ ನೋಡಾಕತ್ತಿದ್ಲು. "ಹುಚ್ಚ ಹಿಡದೈತೇನೋ? ಬ್ಯಾಸಗ್ಯಾಗ ಕೌದಿ ಹೊಚ್ಚತಿ?"

"ಅಮ್ಮಾ, ಕೌದಿ ಬೆಚ್ಚಗ ಮಾಡಂಗಿಲ್ಲ. ಒಳಗಿಂದು ಒಳಗ ಹಿಡೀತೈತಿ, ಹೊರಗಿಂದು ಹೊರಗ. ಒಳಗ ಥಂಡಿ ಇದ್ರ ಥಂಡೀನ ಇರ್ತೈತಿ."

"ಹಂಗಾರ ನೀ ಅದನ್ನ ಹೊಚಗೊಂಡು ಮಟಮಟ ಮಧ್ಯಾಹ್ನ ಅಂಗಳದಾಗ ಕುಂದರು. ಥಂಡಿ ಆತಂದ್ರ ನಾ ನಂಬತೇನಿ."

ನಸಿಕಿನ್ಯಾಗ ಧೂಳಪ್ಪನ ಪಿಕಪ್ ಏರಿದೆ. ಧೂಳಪ್ಪ ನನ್ನ ದೋಸ್ತ, ನಿಂಬಿಹಣ್ಣಿನ ಚೀಲ ಹೇರಕೊಂಡು ಸಿಂದಗಿ, ಬಾಗೇವಾಡಿ ಮ್ಯಾಲೆ ಹಾದು ಮುದ್ದೇಬಿಹಾಳಕ್ಕ ಹೊಂಟಿದ್ದ. ಬಿಸಲ ಏರೂದ್ರಾಗ ಮುಟ್ಟಸ್ತೇನಿ ಅಂದಿದ್ದ. ನನ್ನ ತೊಡಿಮ್ಯಾಲಿನ ಡಬ್ಬಿ ನೋಡಿ ನಕ್ಕ.

"ಯಾರೋ ಇಕಿ, ಮದಿಮಗಳೇನು? ಮುಸುಕ ಹಾಕ್ಕೊಂಡ ಕುಂತಾಳ."

"ಮದಿಮಗಳಂತನ ತಿಳಕೊ. ಹಗುರಕ ಹೊಡಿ."

ಸಿಂದಗ್ಯಾಗ ಅರ್ಧ ಚೀಲ ಇಳಸೂದಿತ್ತು. ವ್ಯಾಪಾರಿ ಬಂದಿರಲಿಲ್ಲ. ಬರ್ತೇನಿ ಬರ್ತೇನಿ ಅಂದ, ಬಿಸಲ ಬಂತು, ಅವ ಬರಲಿಲ್ಲ. ನಾ ಟೇಪ್ ಕಿತ್ತಿ ನೋಡಿದೆ. ಕಲ್ಲ. ಚಹಾ ಕುಡದು ಮತ್ತ ನೋಡಿದೆ. ಕಲ್ಲ. ತೆಗದಷ್ಟೂ ಥಂಡಿ ಹೋಗ್ತೈತಿ ಅಂತ ವಿಡಿಯೋದಾಂವ ಸಾಫ ಹೇಳಿದ್ದ, ನನಗೂ ಗೊತ್ತಿತ್ತು. ಕೈ ಕೇಳಬೇಕಲ್ಲ.

"ಮುಖಾ ನೋಡೂದು ಸಾಕೋ" ಅಂದ ಧೂಳಪ್ಪ. "ದೃಷ್ಟಿ ಆದೀತು."

ಸಿಂದಗಿ ಬಿಡೂದ್ರಾಗ ಬಿಸಲು ನೆತ್ತಿಮ್ಯಾಲೆ ಬಂದಿತ್ತು. ಕಿಟಕಿ ತೆಗದ್ರ ಝಳ, ಮುಚ್ಚಿದ್ರ ಉಸರು ಗಟ್ಟೂದು. ಬಸವನ ಬಾಗೇವಾಡಿ ಇನ್ನೂ ಮುಂದ ಐತಿ ಅನ್ನೂದ್ರಾಗ ಇಂಜಿನ್ ಕಿರ್ ಅಂತು, ಹೊಗಿ ಬಂತು, ನಿಂತು. ಬೆಲ್ಟ್ ಹರದಿತ್ತು. ಧೂಳಪ್ಪ ಹಾದು ಹೋಗೋ ಬೈಕಿಗೆ ಕೈ ಮಾಡಿ ಹಿಂದ ಕುಂತು ಊರಿಗೆ ಹ್ವಾದ, ಬೆಲ್ಟ್ ತರಾಕ. ನಾನೂ ಡಬ್ಬೀನೂ ಇಬ್ರ ಉಳದ್ವಿ. ಡಾಂಬರ ಚಪ್ಪಲಿಗೆ ಹತ್ತಾಕತ್ತಿತ್ತು.

ಡಬ್ಬಿ ಅಳಗ್ಯಾಡಿಸಿದೆ. ಒಳಗ ಬಾಟ್ಲಿ ನೀರ ಗುಳುಗುಳು ಅಂತು. ಅಷ್ಟೊತ್ತಿಗೆ ಅಕ್ಕನ ಫೋನ್.

"ಎಲ್ಲೆದಿ? ಅತ್ತಿ ಎರಡ ಸಲ ಕೇಳಿದ್ಲು."

"ಬಂದೆ, ಇಲ್ಲೇ ಬಾಗೇವಾಡಿ."

"ಗಟ್ಟಿ ಐತಿಲ್ಲ?"

"ಕಲ್ಲ" ಅಂದೆ.

ಫೋನ್ ಇಟ್ಟು ಸುತ್ತ ನೋಡಿದೆ. ರಸ್ತಾದ ಆಚಿ ಕಡೆ ಬೇವಿನ ಗಿಡದ ಬುಡಕ ಕಬ್ಬಿನ ಹಾಲಿನ ಗಾಡಿ. ಹಣಿಮ್ಯಾಲೆ ವಿಭೂತಿ ಹಚಗೊಂಡಿದ್ದ ಅಜ್ಜ ಒಬ್ಬಾಂವ ಗೋಣಿಚೀಲದಾಗ ಬರ್ಫದ ಗಡ್ಡಿ ಸುತ್ತಿ ಇಟ್ಟಿದ್ದ. ಡಬ್ಬಿ ಅವಚಿಕೊಂಡ ಓಡಿದೆ.

"ಅಜ್ಜಾರ, ಒಂದೀಟು ಬರ್ಫ ಬೇಕಾಗಿತ್ರಿ."

"ಈ ಶಂಕರೆಪ್ಪಜ್ಜ ಯಾರಿಗೂ ಇಲ್ಲ ಅನ್ನಂಗಿಲ್ಲ, ತಗೋ. ಏನೈತಿ ಒಳಗ, ಔಷಧ ಏನು?" ಅಂತ ಆಗಲೇ ಸುತ್ತಿಗಿ ಎತ್ತಿದ್ದ.

ಹೂಂ ಅಂದಿದ್ರ ಮುಗೀತಿತ್ತು. ಬಾಯಿ ಹೊಳ್ಳಲಿಲ್ಲ. "ಕುರ್ಬಾನಿ ಮಟನ್ರಿ. ಮುದ್ದೇಬಿಹಾಳದಾಗ ಅಕ್ಕ ಅದಾಳ, ಆಕಿ ಹಿಸ್ಸಾರಿ."

ಸುತ್ತಿಗಿ ಅಲ್ಲೇ ನಿಂತು. ಅಜ್ಜ ಡಬ್ಬಿ ನೋಡಿದ, ನನ್ನ ಮುಖಾ ನೋಡಿದ. "ಮೊದಲ ಹೇಳಬಾರದೇನೋ. ಆ ಗಿಡದ ಆಚೆ ಇಟ್ಟ ಬಾ ಅದನ್ನ."

ಇಟ್ಟ ಬಂದೆ. ಅಜ್ಜ ಬರ್ಫ ಒಡದು ಪ್ಲಾಸ್ಟಿಕ್ ಚೀಲಕ್ಕ ತುಂಬಿ ನೆಲದಮ್ಯಾಲೆ ಇಟ್ಟ, ಕೈಯಾಗ ಕೊಡಲಿಲ್ಲ. ರೊಕ್ಕ ತಗೀಬೇಕಂದ್ರ, "ಅಕ್ಕಗ ಅಂತೀಯಲ್ಲ, ನಡಿ" ಅಂದ.

ಆ ಬರ್ಫ ಮಟನ್ನಿನ ಮ್ಯಾಲೆ ಇಟ್ಟೆ. ನನ್ನ ಕಣ್ಣ ಮುಂದ ಸಣ್ಣ ಆಗ್ಕೋತ ಹೋತು. ಉಫ್ ಅಂತ ಊದಿದೆ, ನನ್ನ ಉಸರ ಬಿಸಿ ಇತ್ತು, ಬಿಟ್ಟೆ. ಟವೆಲ್ ಹಿಡದು ನೆಳ್ಳ ಮಾಡಕೊಂಡ ಕುಂತೆ. ಮಾಡೂದು ಬ್ಯಾರೆ ಏನೂ ಇರಲಿಲ್ಲ. ಧೂಳಪ್ಪ ಬೆಲ್ಟ್ ತಂದು ಹಾಕೂದ್ರಾಗ ಮಟನ್ನಿನ ಮೂಲಿ ಮೆತ್ತಗ ಆಗಿದ್ವು.

ಮುದ್ದೇಬಿಹಾಳ ಮುಟ್ಟಿದಾಗ ಹೊತ್ತ ಇಳದಿತ್ತು. ಖಾಲಾ ಪಡಸಾಲ್ಯಾಗ ಕುಂತಿದ್ಲು. ಅಕ್ಕ ಬಾಗಲ ಚೌಕಟ್ಟ ಹಿಡದು ನಿಂತಿದ್ಲು, ಕಾಲ ಬಾತಿದ್ವು. ನಾ ಕೌದಿ ತಗದೆ, ಮುಚ್ಚಳಾ ತಗದೆ. ಖಾಲಾ ಪಿಶವಿ ಎತ್ತಿ ಹೆಬ್ಬೆಟ್ಟ ಒತ್ತಿದ್ಲು. ಹೆಬ್ಬೆಟ್ಟ ನಾದಿದ ಹಿಟ್ಟಿನಾಗ ಹೋದಂಗ ಒಳಗ ಹೋತು.

ಖಾಲಾ ಪಿಶವಿ ಬಿಚ್ಚಿ ಮೂಗಿನ ಹತ್ರ ಹಿಡದ್ಲು.

"ಥಣ್ಣಗ ಐತಿ" ಅಂದ್ಲು. "ವಾಸನಿ ಇಲ್ಲ."

ಅಕ್ಕ ಉಸರ ಬಿಟ್ಲು. ಅಲ್ಲಿಗೆ ನಾ ಸುಮ್ಮನ ಇರಬೇಕಾಗಿತ್ತು. ಆದ್ರ ಮೆತ್ತಗ ಆಗಿದ್ದಕ್ಕ ನನಗ ನಾಚಿಕಿ, ಬಾಯಿ ಬಿಚ್ಚೇ ಬಿಟ್ಟೆ.

"ಮುಂಜಾನಿ ಕಲ್ಲ ಇತ್ರಿ ಖಾಲಾ, ಖರೇ. ಈ ಬಿಸಲರಿ. ಸಿಂದಗ್ಯಾಗ ತಾಸುಗಟ್ಲೆ ನಿಂದ್ರಿಸಿದ್ರು. ಬಾಗೇವಾಡಿ ಹೊರಗ ಬೆಲ್ಟ್ ಹರೀತು, ಒಂದು ಮನಿ ಇಲ್ಲ ಮಠ ಇಲ್ಲ, ನನಗ ಕಣ್ಣಿಗೆ ಕತ್ತಲಿ ಬಂತು. ಗಂಡಮಗ ನಾನ ಬೀಳಾಂವಿದ್ದೆ. ಆ ದಾರ್ಯಾಗ ಬರ್ಫದ ಕಲ್ಲ ಉಳಿಯಂಗಿಲ್ರಿ."

ಖಾಲಾನ ಹಿಂದ ಅಕ್ಕ ಬ್ಯಾಡ ಬ್ಯಾಡ ಅಂತ ತಲಿ ಅಳಗ್ಯಾಡಸಾಕತ್ತಿದ್ಲು. ನಾ ನೋಡೂದ್ರಾಗ ಹೇಳಿ ಮುಗಿಸಿದ್ದೆ.

"ಬಾಳ ತ್ರಾಸ ತಗೊಂಡಿ ಬಿಡಪಾ" ಅಂದ್ಲು ಖಾಲಾ. "ಮುಖಾ ತೊಳಕೊ, ಊಟಾ ಮಾಡು." ಆಮ್ಯಾಲೆ ಅಂದ್ಲು, "ಬರ್ಫದ ಕಲ್ಲ ಉಳೀದ ದಾರ್ಯಾಗ ತುಂಬಿದ ಬಸರೀನ ಹೆಂಗ ಕಳಸಲಿ, ನೀನ ಹೇಳು."

"ಕಾರ ಮಾಡಕೊಂಡ ಬರ್ತೇವ್ರಿ. ಏಸಿ ಇರ್ತೈತಿ."

"ಬೆಲ್ಟ್ ಹರದ್ರ?"

ಆಕಿ ಹಂಗಿಸಿ ಅಂದಿದ್ರ ನಾನೂ ತಿರುಗಿ ಅಂತಿದ್ದೆ. ಆಕಿ ಖರೇನ ಅಂಜಿದ್ಲು. ಬೆಲ್ಟಿನ ಮಾತು ಆಕಿಗೆ ಹೇಳಿದಾಂವ ನಾನು.

"ನಿಮ್ಮವ್ವನ್ನ ಕಳಸು" ಅಂದ್ಲು. "ಬಾಳಂತನ ಇಲ್ಲೇ ಆಗ್ಲಿ."

ಅಕ್ಕ ಆ ಮಟನ್ ಅವತ್ತೇ ಮಾಡಿದ್ಲು. ಛಲೋ ಆಗಿತ್ತು. ಖಾಲಾ ಎರಡ ಸಲ ಹಾಕ್ಕೊಂಡ್ಲು.

ಹೊಂಟಾಗ ಅಕ್ಕ ಬಾಗಲತನಕ ಬಂದ್ಲು. ಬೈತಾಳ ಅಂದ್ಕೊಂಡಿದ್ದೆ, ಬೈಲಿಲ್ಲ. ಕೌದಿ ಕೈಯಾಗ ಹಿಡಕೊಂಡಿದ್ಲು. "ಡಬ್ಬಿ ಒಯ್ಯಿ" ಅಂದ್ಲು. "ಇದು ಇರ್ಲಿ. ಅಮ್ಮನ ಸೀರಿ ಅದಾವ ಇದರಾಗ."

ಧೂಳಪ್ಪ ಪೇಟ್ಯಾಗ ಗಾಡಿ ಖಾಲಿ ಮಾಡಿ ಕಾಯಾಕತ್ತಿದ್ದ. ಖಾಲಿ ಡಬ್ಬಿ ತೊಡಿಮ್ಯಾಲೆ ಇಟ್ಕೊಂಡ ಕುಂತೆ. ಒಳಗಿಂದ ಇನ್ನೂ ನಿಂಬಿಹಣ್ಣಿನ ವಾಸನಿ ಬರ್ತಿತ್ತು.

"ಮುಸುಕ ಎಲ್ಲಿ ಹೋತೋ?" ಅಂದ. "ಮದಿಮಗಳನ್ನ ಗಂಡನ ಮನ್ಯಾಗ ಬಿಟ್ಟ ಬಂದ್ಯಾ?"

"ಹೂಂ" ಅಂದೆ. "ಅಲ್ಲೇ ಬಿಟ್ಟ ಬಂದೆ."